ಆಲ್ಬರ್ಟ್ ಕೈಪ್‌ನ ನದೀದೃಶ್ಯ: ಎರವಲು ಬೆಳಕಿನ ಗೋಧೂಳಿ

ಬರೋಕ್ ಯುಗದ ಗೋಪಾಲಕ ಭೂದೃಶ್ಯಗಳನ್ನು ಅಂದಿನ ಗ್ರಾಮಜೀವನದ ನೇರ ದಾಖಲೆಗಳೆಂದು ಓದುವ ರೂಢಿಯೊಂದಿದೆ. ಡಚ್ ಚಿತ್ರಕಾರ ಆಲ್ಬರ್ಟ್ ಕೈಪ್ (1620-1691) 1658-60ರ ಸುಮಾರಿಗೆ ರಚಿಸಿದ ‘ಕುದುರೆ ಸವಾರ ಮತ್ತು ರೈತರಿರುವ ನದೀದೃಶ್ಯ’ ಈ ರೂಢಿಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

ಸುಮಾರು 123 ಸೆಂ.ಮೀ. ಎತ್ತರ, 241 ಸೆಂ.ಮೀ. ಅಗಲದ ಈ ತೈಲಚಿತ್ರದಲ್ಲಿ ನಿಶ್ಚಲ ನದಿ, ದೂರದ ಗುಡ್ಡಸಾಲು, ದನಕುರಿಗಳು, ಅವುಗಳನ್ನು ಕಾಯುವವರು ಮತ್ತು ದಾರಿಹೋಕನಾದ ಸುವೇಷದ ಸವಾರನಿದ್ದಾರೆ. ಎಲ್ಲವನ್ನೂ ಹೊಂಬಣ್ಣದ ಓರೆ ಬೆಳಕು ಆವರಿಸಿದೆ. ನಮ್ಮ ‘ಗೋಧೂಳಿ’ ಎಂಬ ಮಾತಿಗೆ ಇದಕ್ಕಿಂತ ಒಪ್ಪುವ ಪಾಶ್ಚಾತ್ಯ ಚಿತ್ರ ದೊರೆಯುವುದು ಕಷ್ಟ.

ಆದರೆ ಈ ಬೆಳಕು ಎಲ್ಲಿಯದು? ಕೈಪ್ ಹುಟ್ಟಿ ಬಾಳಿದ ಡೋರ್ಡ್ರೆಕ್ಟ್ ತಗ್ಗುನಾಡಿನ ನದೀಬಂದರು. ಅಲ್ಲಿ ಗುಡ್ಡಗಳೇ ಇಲ್ಲ. ಅವನು ಇಟಲಿಗೆ ಹೋಗಿದ್ದನೆಂಬುದಕ್ಕೂ ಆಧಾರವಿಲ್ಲ. ರೋಮ್‌ನಲ್ಲಿ ಕ್ಲೋದ್ ಲೊರೇನನ ಸಮಕಾಲೀನನಾಗಿ ಕೆಲಸಮಾಡಿ 1640ರ ದಶಕದ ಆರಂಭದಲ್ಲಿ ಉಟ್ರೆಕ್ಟ್‌ಗೆ ಮರಳಿದ ಯಾನ್ ಬೋತ್‌ನ ಚಿತ್ರಗಳ ಮೂಲಕ ದಕ್ಷಿಣದ ಬೆಳಕು ಅವನ ಕುಂಚಕ್ಕೆ ಇಳಿಯಿತು. ಅದಕ್ಕೆ ಮೊದಲು ಅವನು ಯಾನ್ ವಾನ್ ಖೋಯೆನ್‌ನ ಮಂಕು ಹಳದಿ-ಕಂದು ವರ್ಣಕ್ರಮವನ್ನು ಅನುಸರಿಸುತ್ತಿದ್ದ. ಗುಡ್ಡಗಳಾದರೋ 1650ರ ದಶಕದ ಆರಂಭದಲ್ಲಿ ರೈನ್ ನದಿಯ ಗುಂಟ ಅವನು ಕೈಗೊಂಡ ಪ್ರವಾಸದ ರೇಖಾಚಿತ್ರಗಳಿಗೆ ಋಣಿ. ಹೀಗೆ, ಒಂದು ನೋಟದಂತೆ ತೋರುವ ಈ ದೃಶ್ಯ ಚಿತ್ರಶಾಲೆಯೊಳಗೆ ಜೋಡಿಸಿದ ರಚನೆ.

ಸವಾರನ ಪ್ರಶ್ನೆ ಇನ್ನೂ ಮುಖ್ಯವಾದುದು. ಕೈಪ್‌ನ ಆಶ್ರಯದಾತರು ಡೋರ್ಡ್ರೆಕ್ಟ್‌ನ ಶ್ರೀಮಂತ ಆಡಳಿತಗಾರ ಮನೆತನದವರು. 1648ರ ಮ್ಯೂನ್‌ಸ್ಟರ್ ಒಪ್ಪಂದದಿಂದ ಸ್ಪೇನಿನೊಡನೆ ಯುದ್ಧ ಮುಗಿದ ಮೇಲಿನ ಆ ವರ್ಷಗಳಲ್ಲಿ, ಕುದುರೆಯೇರಿ ಹಳ್ಳಿಗಾಡನ್ನು ವಿಹಾರವಾಗಿ ನೋಡುವುದು ಅವರ ಅಂತಸ್ತಿಗೆ ಸಲ್ಲುವ ಬಿಂಬವಾಗಿತ್ತು. ದನಗಾಹಿಗಳು ಇಲ್ಲಿ ದುಡಿಯುತ್ತಿಲ್ಲ, ವಿರಮಿಸುತ್ತಿದ್ದಾರೆ. ಈ ವಿರಾಮವನ್ನು ಚಿತ್ರ ಕೊಂಡವರ ಕಣ್ಣು ಬಯಸಿದ ಹಳ್ಳಿಯೆಂದೇ ಪ್ರಸ್ತುತ ಲೇಖಕರು ಭಾವಿಸುತ್ತಾರೆ. ಆದರೂ ಕೈಪ್ ಆ ಶಾಂತಿಯನ್ನು ಪೂರ್ತಿ ನಂಬಿದಂತಿಲ್ಲ: ಪೊದೆಯ ಮರೆಯಲ್ಲಿ ಬೇಟೆಗಾರನೊಬ್ಬ ನೀರಿನ ಬಾತುಗಳತ್ತ ಬಂದೂಕು ಹಿಡಿದಿದ್ದಾನೆ. ಮರುಕ್ಷಣ ಗುಂಡು ಹಾರಬಹುದು.

1658ರಲ್ಲಿ ಸಿರಿವಂತ ವಿಧವೆ ಕಾರ್ನೆಲಿಯಾ ಬೋಸ್ಮನ್‌ಳನ್ನು ವರಿಸಿದ ಬಳಿಕ ಕೈಪ್‌ನ ಚಿತ್ರರಚನೆ ಕ್ರಮೇಣ ವಿರಳವಾಯಿತು. ಅವನ ಕೀರ್ತಿ ಬೆಳೆದುದು ಬ್ರಿಟನ್ನಿನಲ್ಲಿ. 18ನೆಯ ಶತಮಾನದಲ್ಲಿ ಬ್ಯೂಟ್‌ನ ಅರ್ಲ್ ಈ ಚಿತ್ರವನ್ನು ಕೊಂಡಮೇಲೆ ಅಲ್ಲಿನ ಭೂಮಾಲೀಕ ಸಂಗ್ರಾಹಕರು ಕೈಪ್‌ನ ಕೃತಿಗಳಿಗೆ ಮುಗಿಬಿದ್ದರು. 1989ರಲ್ಲಿ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸ್ವತ್ತಾಯಿತು.