ಕೊಪ್ಪೆ, ಕೋಟು, ಮೆರಿನೊ

ಡಿಸೆಂಬರ್ ಬಂತು ಅಂದ್ರೆ ಆಫೀಸಿನಲ್ಲಿ ಹೊಸದಾಗಿ ಸೈಕಲ್ ತಗೊಂಡವರೆಲ್ಲ ನನ್ನ ಡೆಸ್ಕಿಗೆ ಬಂದು ಕೇಳೋದು ಒಂದೇ ಪ್ರಶ್ನೆ: ‘ಗುರೂ, ಚಳಿಗೆ ಏನ್ ಹಾಕ್ಕೊಂಡು ಹೋಗ್ಬೇಕು?’ ನಮ್ಮ ಮೈಸೂರು ಸೀಮೆಯ ಚಳಿ ಅಂಥಾ ದೊಡ್ಡ ಚಳಿಯೇನಲ್ಲ. ಬೆಳಗಿನ ಜಾವ 15-16 ಡಿಗ್ರಿ ಇದ್ದರೆ ಹೆಚ್ಚು. ದಿಲ್ಲಿಯವರು ಕೇಳಿದರೆ ನಗ್ತಾರೆ. ಆದರೆ ಅದು ಮನೆ ಬಾಗಿಲಲ್ಲಿ ನಿಂತು ಕಾಫಿ ಕುಡಿಯುವಾಗಿನ ಲೆಕ್ಕ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಸುಮಾರು 30 ಕಿ.ಮೀ. ದಾರಿ. ಒಂದು ಕಡೆ ಕಪಿಲೆ, ಇನ್ನೊಂದು ಕಡೆ ನಾಲೆ, ನಡುವೆ ಭತ್ತದ ಗದ್ದೆ. ಜನವರಿಯಲ್ಲಿ ಆರು ಗಂಟೆಗೆ ಹೊರಟರೆ ಮಂಜು ಮುಖಕ್ಕೇ ಬಡಿಯುತ್ತೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಗಾಳಿಯೇ ಇಲ್ಲದ ದಿನವೂ ಎದುರುಗಾಳಿ ಅಷ್ಟೇ ವೇಗದಲ್ಲಿರುತ್ತೆ. ಹತ್ತು ನಿಮಿಷಕ್ಕೆ ಬೆರಳು ಮರಗಟ್ಟುತ್ತೆ, ಅರ್ಧ ಗಂಟೆಗೆ ಬೆನ್ನು ಬೆವರುತ್ತೆ. ಎರಡೂ ಒಟ್ಟಿಗೇ.

ಕಷ್ಟ ಇರೋದು ಇಲ್ಲೇ. ಚಳಿ ಒಂದೇ ಆಗಿದ್ದರೆ ರಗ್ಗು ಹೊದ್ದುಕೊಂಡರೆ ಮುಗೀತು. ಸೈಕಲ್ಲಿನವನಿಗೆ ಬೆವರಿನ ಕಾಟವೂ ಇದೆ. ಹತ್ತಿ ಬನೀನು ಬೆವರು ಹೀರಿಕೊಂಡು ಹಾಗೇ ಮೈಗೆ ಅಂಟಿ ಕೂತುಬಿಡುತ್ತೆ. ಸಂಗಮದ ಹತ್ತಿರ ಟೀ ಕುಡಿಯೋಕೆ ಅಂತ ನಿಂತರೆ ಸಾಕು, ಒದ್ದೆ ಬಟ್ಟೆ ಮೈಯ ಬಿಸಿಯನ್ನೆಲ್ಲ ಎಳೆದುಕೊಂಡು ನಡುಕ ಶುರುವಾಗುತ್ತೆ. ಉಣ್ಣೆಯ ಸ್ವಭಾವ ಬೇರೆ. ಅದು ತನ್ನ ತೂಕದ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ತೇವವನ್ನು ಎಳೆಯೊಳಗೇ ಅಡಗಿಸಿಟ್ಟುಕೊಳ್ಳುತ್ತೆ, ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ತೇವ ಹೀರುವಾಗ ಒಂಚೂರು ಶಾಖವನ್ನೂ ಬಿಡುತ್ತೆ.

ಇದನ್ನು ನಮ್ಮ ಸೀಮೆಯಲ್ಲಿ ಮೊದಲು ಅರ್ಥ ಮಾಡಿಕೊಂಡವರು ಸೈಕಲ್ಲಿನವರಲ್ಲ, ಕುರಿ ಕಾಯುವವರು. ಹಗಲೆಲ್ಲ ಮಂದೆಯ ಹಿಂದೆ ನಡೆದು ಬೆವರಬೇಕು, ರಾತ್ರಿ ಬಯಲಲ್ಲೇ ಮಲಗಬೇಕು, ನಡುವೆ ಮಳೆ ಬಂದರೆ ಓಡಿಹೋಗಿ ನಿಲ್ಲೋಕೆ ಸೂರಿಲ್ಲ. ಇದಕ್ಕೆಲ್ಲ ಇದ್ದದ್ದು ಒಂದೇ ಬಟ್ಟೆ, ಕರಿ ಕಂಬಳಿ. ಕುರಿಯ ತುಪ್ಪಟ ಕತ್ತರಿಸಿ, ಹೆಂಗಸರು ನೂತು, ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆಬೀಜ ಅರೆದು ಕಾಯಿಸಿದ ಗಂಜಿ ಹಾಕುತ್ತಿದ್ದರು. ಆ ಗಂಜಿಯಿಂದಲೇ ಕಂಬಳಿಗೆ ಹಲಗೆಯಂಥ ಬಿಗಿ. ಗಾಳಿ ಸುಲಭಕ್ಕೆ ನುಗ್ಗುವುದಿಲ್ಲ, ಸಣ್ಣ ಮಳೆ ಜಾರಿಹೋಗುತ್ತೆ. ಬಣ್ಣ ಹಾಕುತ್ತಿರಲಿಲ್ಲ, ಕುರಿಯ ಕಪ್ಪೇ ಕಂಬಳಿಯ ಕಪ್ಪು. ಅದನ್ನೇ ತಲೆಯ ಮೇಲೆ ಮೂಲೆ ಬರುವ ಹಾಗೆ ಮಡಿಸಿ ಹೊದ್ದರೆ ಕೊಪ್ಪೆ. ತಲೆ, ಬೆನ್ನು, ತೋಳು ಎಲ್ಲ ಮುಚ್ಚಿ, ಕೆಲಸ ಮಾಡೋಕೆ ಕೈ ಮಾತ್ರ ಹೊರಗೆ. ಟಿಪ್ಪು ಸತ್ತ ಮೇಲೆ, 1800-01ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕುರುಬರ ಬಗ್ಗೆ, ಅವರ ಕಂಬಳಿಯ ಬಗ್ಗೆ ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ.

ಇಂಗ್ಲೆಂಡಿನ ಸೈಕಲ್ ಸವಾರರು ಉಣ್ಣೆಗೆ ಬಂದದ್ದು ಇನ್ನೂ ತಮಾಷೆಯ ದಾರಿಯಲ್ಲಿ. ಗುಸ್ಟಾವ್ ಯೇಗರ್ ಅಂತ ಒಬ್ಬ ಜರ್ಮನ್ ಪ್ರಾಣಿಶಾಸ್ತ್ರಜ್ಞ. ಸಸ್ಯದ ನಾರಿನ ಬಟ್ಟೆ ಮನುಷ್ಯನಿಗೆ ಕೇಡು, ಪ್ರಾಣಿಯ ಕೂದಲಿನದ್ದೇ ಆರೋಗ್ಯ ಅಂತ ಆತನ ವಾದ. ಅರ್ಧ ವಿಜ್ಞಾನ, ಅರ್ಧ ಪುಂಗಿ. 1884ರಲ್ಲಿ ಲಂಡನ್ನಿನಲ್ಲಿ ಆತನ ಹೆಸರಿನಲ್ಲೇ ಉಣ್ಣೆ ಬಟ್ಟೆಯ ಕಂಪನಿ ಶುರುವಾಯಿತು, ಬರ್ನಾರ್ಡ್ ಷಾ ಅಡಿಯಿಂದ ಮುಡಿಯವರೆಗೆ ಯೇಗರ್ ಉಣ್ಣೆ ತೊಟ್ಟು ಓಡಾಡಿದ. ಅದು ಸೈಕಲ್ ಹುಚ್ಚಿನ ಕಾಲವೂ ಹೌದು. ಹೀಗಾಗಿ ಸವಾರರ ಮೈಮೇಲೆ ಉಣ್ಣೆ ಬಂದು ಕೂತಿತು, ಯೇಗರನ ಪುಂಗಿ ಉದುರಿಹೋದ ಮೇಲೂ ಉಳಿಯಿತು. 1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್‌ನಲ್ಲಿ ದಶಕಗಳ ಕಾಲ ಸವಾರರು ತೊಟ್ಟಿದ್ದು ಉಣ್ಣೆಯ ಜೆರ್ಸಿಯನ್ನೇ. 1919ರಲ್ಲಿ ಬಂದ ಹಳದಿ ಜೆರ್ಸಿಯೂ ಉಣ್ಣೆಯದ್ದೇ. ಬೆಟ್ಟ ಹತ್ತಿ ಬೆವರಿದವರು ಇಳಿಯುವ ಮುಂಚೆ ನ್ಯೂಸ್‌ಪೇಪರ್ ತಗೊಂಡು ಎದೆಯ ಮೇಲೆ ಜೆರ್ಸಿಯೊಳಗೆ ತುರುಕಿಕೊಳ್ಳುತ್ತಿದ್ದರು.

ಈ ಪೇಪರ್ ವಿಷಯ ಓದಿದಾಗ ನನಗೆ ನಗು ಬಂತು. ತರಕಾರಿ ಮೂಟೆ ಕಟ್ಟಿಕೊಂಡು ಕತ್ತಲಲ್ಲೇ ನಂಜನಗೂಡಿನ ಮಾರ್ಕೆಟ್ಟಿಗೆ ಸೈಕಲ್ ತುಳಿಯುತ್ತಿದ್ದ ನಮ್ಮಪ್ಪನೂ ಮಾಡ್ತಿದ್ದದ್ದು ಅದೇ. ಹಿಂದಿನ ದಿನದ ಪೇಪರ್ ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ಎದೆಗೆ ಇಟ್ಟುಕೊಂಡು ಹೋಗೋನು. ಮಾರ್ಕೆಟ್ಟಲ್ಲಿ ಅದೇ ಪೇಪರ್ ಹಾಸಿಕೊಂಡು ಕೂರೋನು.

ಈಗ ಸೈಕಲ್ ಅಂಗಡಿಗಳಲ್ಲಿ ‘ಮೆರಿನೊ ಬೇಸ್ ಲೇಯರ್’ ಅಂತ ನಾಲ್ಕೈದು ಸಾವಿರಕ್ಕೆ ಮಾರ್ತಾರಲ್ಲ, ಆ ಮೆರಿನೊ ನಮ್ಮ ಸೀಮೆಗೆ ಹೊಸದಲ್ಲ. ಕಬ್ಬನ್ ಪಾರ್ಕಿನ ಹೆಸರಿಗೆ ಕಾರಣನಾದ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಆತನ ಕಾಲದಲ್ಲಿ ಆಸ್ಟ್ರೇಲಿಯಾದಿಂದ ಮೆರಿನೊ ಟಗರು ತರಿಸಿ, ಫ್ರೆಂಚ್ ರಾಕ್ಸ್ ಅಂದರೆ ಈಗಿನ ಪಾಂಡವಪುರದ ಬಳಿ ಕುರಿ ಫಾರಂ ಮಾಡಿ, ನಾಡ ಕುರಿಗಳ ಜೊತೆ ತಳಿ ಬೆರೆಸೋಕೆ ನೋಡಿದರು. ಅಸಲಿ ಟಗರುಗಳನ್ನು ಮತ್ತೆ ಮತ್ತೆ ಹಡಗಿನಲ್ಲಿ ತರಿಸಬೇಕಾಗಿ, ಖರ್ಚು ತಡೆಯಲಾರದೆ 1860ರ ದಶಕದಲ್ಲಿ ಫಾರಂ ಮುಚ್ಚಿದರು. ಅತ್ತ ನರಸೀಪುರ ತಾಲ್ಲೂಕಿನ ಬನ್ನೂರು ಕುರಿ ಹೆಸರಾದದ್ದು ಉಣ್ಣೆಗಲ್ಲ, ಮಾಂಸಕ್ಕೆ. ಅದರ ಮೈಮೇಲೆ ಇರೋದು ಒರಟು ಕೂದಲು. ನರಸೀಪುರಕ್ಕೆ ಬಟ್ಟೆಯ ಕಥೆ ಅಂತ ಇದ್ದರೆ ಅದು ರೇಷ್ಮೆಯದ್ದು. ಮೈಸೂರು ಸಿಲ್ಕ್ ಸೀರೆಯ ನೂಲು ಅಲ್ಲಿನ ಸರ್ಕಾರಿ ಫಿಲೇಚರ್‌ನಲ್ಲಿ ತೆಗೆಯೋದು.

ನಮ್ಮ ಕಡೆ ಹಳ್ಳಿಗಳಿಗೆ ಸೈಕಲ್ ಬಂದಾಗ ಅದರ ಮೇಲೆ ಕೂತವರು ಕಂಬಳಿಯವರಾಗಿರಲಿಲ್ಲ. ಮೇಷ್ಟ್ರು, ಪೋಸ್ಟ್‌ಮನ್, ಶೇಕದಾರ್ರು. ಕಚ್ಚೆಪಂಚೆ, ಮೇಲೆ ಕರಿ ಕೋಟು, ಪಂಚೆ ಚೈನಿಗೆ ಸಿಗದಂತೆ ಮೀನಖಂಡಕ್ಕೊಂದು ಕ್ಲಿಪ್ಪು. ಕೋಟು ಅಂದರೆ ಸರ್ಕಾರ, ಕಂಬಳಿ ಅಂದರೆ ಮಂದೆ. ಚಳಿ ಇಬ್ಬರಿಗೂ ಒಂದೇ ಆದರೂ ಬಟ್ಟೆ ಒಂದಾಗುವಂತಿರಲಿಲ್ಲ. ಸೈಕಲ್ ಅಗ್ಗವಾಗಿ ಎಲ್ಲರ ಕೈಗೆ ಸಿಕ್ಕ ಮೇಲೆ ಎಲ್ಲರೂ ಆರಿಸಿಕೊಂಡಿದ್ದು ಕೋಟಿನ ಕಡೆಯ ಬಟ್ಟೆಯನ್ನೇ. ಕೋಟು ಕೊಳ್ಳೋಕೆ ಆಗದವರಿಗೆ ಸ್ವೆಟರ್ ಬಂತು. 1960ರ ಹೊತ್ತಿಗೆ ಟಿಬೆಟಿಯನ್ನರು ಬೈಲಕುಪ್ಪೆಗೆ, ಆಮೇಲೆ ಕೊಳ್ಳೇಗಾಲದ ಆಚೆ ಒಡೆಯರಪಾಳ್ಯಕ್ಕೆ ಬಂದು ನೆಲೆಸಿದರು. ಚಳಿಗಾಲ ಬಂದರೆ ಲೂಧಿಯಾನದ ಮಿಲ್ಲುಗಳಿಂದ ಸ್ವೆಟರ್ ತಂದು ಊರೂರಲ್ಲಿ ಮಾರೋದು ಅವರ ಕಸುಬಾಯಿತು. ಹೆಚ್ಚಿನವು ಅಕ್ರಿಲಿಕ್. ಬೆಚ್ಚಗೇನೋ ಇರುತ್ತೆ, ಆದರೆ ಗಾಳಿ ಜರಡಿಯಲ್ಲಿ ಬಂದ ಹಾಗೆ ಬರುತ್ತೆ. ಅದಕ್ಕೇ ಅಪ್ಪನಿಗೆ ಪೇಪರ್ ಬೇಕಾಗಿದ್ದು.

ಕಂಬಳಿ ಮರೆಯಾಗಿದ್ದಕ್ಕೆ ಕಣ್ಣೀರು ಹಾಕುವ ಬರಹಗಳನ್ನು ನೀವು ಓದಿರ್ತೀರಿ. ನನಗೆ ಅಷ್ಟು ಒಪ್ಪಿಗೆಯಿಲ್ಲ. ಕಂಬಳಿ ಭಾರ. ನೆನೆದರೆ ಇನ್ನೂ ಭಾರ, ಒಣಗೋಕೆ ದಿನಗಟ್ಟಲೆ. ಕೊಳ್ಳೋಕೆ ದುಡ್ಡು ಬೇಕು, ಪಾಣಿಪತ್ತಿನ ಚಿಂದಿ ಉಣ್ಣೆಯ ರಗ್ಗು ಅದಕ್ಕಿಂತ ಅಗ್ಗ. ಅದಕ್ಕಿಂತ ಹೆಚ್ಚಾಗಿ, ಅದನ್ನು ಹೊದ್ದವನ ಜಾತಿಯನ್ನೂ ಬಡತನವನ್ನೂ ಅದು ದೂರದಿಂದಲೇ ಕೂಗಿ ಹೇಳ್ತಿತ್ತು. ನಮ್ಮ ಹಾಸ್ಟೆಲ್ಲಿಗೆ ಕಂಬಳಿ ತಂದ ಹುಡುಗರು ಅದರ ಮೇಲೊಂದು ಹೂವಿನ ಬೆಡ್‌ಶೀಟು ಹಾಸಿ ಮುಚ್ಚುತ್ತಿದ್ದರು. ಅವರನ್ನು ತಪ್ಪು ಅನ್ನೋಕೆ ನಾನ್ಯಾರು? ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರು ಮಾತ್ರ ಕೊಪ್ಪೆ ಬಿಡಲಿಲ್ಲ, ಕಂಬಳಿ ಬದಲು ಯೂರಿಯಾ ಚೀಲವನ್ನು ಅದೇ ಥರ ಮಡಿಸಿ ತಲೆಗೆ ಹಾಕಿಕೊಂಡರು. ಮಡಿಕೆ ಹಳೇದು, ಬಟ್ಟೆ ಹೊಸದು.

ಎರಡನೇ ಸಲ ಮೆರಿನೊ ಬಂದದ್ದು ನಮ್ಮ ಬಾಗಿಲಿಗೇ. 1990ರ ದಶಕದ ಕೊನೆಯಲ್ಲಿ ನಂಜನಗೂಡು ತಾಲ್ಲೂಕಿನ ತಾಂಡವಪುರದಲ್ಲಿ ರೀಡ್ ಅಂಡ್ ಟೇಲರ್ ಬಟ್ಟೆಯ ಕಾರ್ಖಾನೆ ಆಯಿತು. ಟಿವಿಯಲ್ಲಿ ಅಮಿತಾಭ್ ಬಚ್ಚನ್ ಹಾಕಿಕೊಂಡು ಬರುತ್ತಿದ್ದ ಸೂಟಿನ ಉಣ್ಣೆ ಬಟ್ಟೆ ನೇಯುತ್ತಿದ್ದದ್ದು ಅಲ್ಲಿ. ಸುತ್ತಮುತ್ತಲ ಊರುಗಳ ಹುಡುಗರು ಶಿಫ್ಟಿಗೆ ಸೈಕಲ್ಲಲ್ಲಿ ಹೋಗೋರು. ಬೆಳಗಿನ ಶಿಫ್ಟಿನವರು ಮಂಜಿನಲ್ಲಿ ಸಾಲಾಗಿ ಹೋಗೋದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮಂಕಿ ಕ್ಯಾಪು, ಮಫ್ಲರ್, ಅಕ್ರಿಲಿಕ್ ಸ್ವೆಟರು. ದಿನವಿಡೀ ಕೈಯಲ್ಲಿ ಆಡಿಸೋದು ಒಳ್ಳೇ ಉಣ್ಣೆ, ಮನೆಗೆ ಹಾಕ್ಕೊಂಡು ಬರೋದು ಪ್ಲಾಸ್ಟಿಕ್ ನೂಲು. ಆದರೂ ಆ ಕಾರ್ಖಾನೆಯ ಸಂಬಳದಿಂದ ಎಷ್ಟೋ ಮನೆಗೆ ತಾರಸಿ ಬಂತು, ಅದನ್ನೂ ಹೇಳಬೇಕು. ಆಮೇಲೆ ಕಂಪನಿ ಸಾಲದಲ್ಲಿ ಮುಳುಗಿತು, 2019ರ ಹೊತ್ತಿಗೆ ದಿವಾಳಿ ನ್ಯಾಯಮಂಡಳಿಯ ಮುಂದಿತ್ತು. ಸೈಕಲ್ ಸಾಲು ನಿಂತುಹೋಯಿತು.

ಹಾಗಾದ್ರೆ ಏನ್ ಹಾಕ್ಕೋಬೇಕು? ಮೈಗೆ ತಾಗುವ ಹಾಗೆ ಕಂಬಳಿ ಆಗೋದಿಲ್ಲ. ಮೆರಿನೊ ಎಳೆ 20 ಮೈಕ್ರಾನಿನ ಆಸುಪಾಸು, ನಮ್ಮ ದಖ್ಖನಿ ಕುರಿಯ ಉಣ್ಣೆ ಅದರ ಎರಡರಷ್ಟಕ್ಕೂ ದಪ್ಪ. 30 ದಾಟಿದರೆ ಮನುಷ್ಯನ ಚರ್ಮ ಚುಚ್ಚುತ್ತೆ ಅಂತ ದೂರು ಹೇಳೋಕೆ ಶುರು ಮಾಡುತ್ತೆ. ನನ್ನ ಪದ್ಧತಿ ಇಷ್ಟೇ: ಒಳಗೆ ತೆಳು ಮೆರಿನೊ, ಅದಿಲ್ಲದಿದ್ದರೆ ಬೇಗ ಒಣಗುವ ಪಾಲಿಯೆಸ್ಟರ್ ಬನೀನು. ಹತ್ತಿ ಮಾತ್ರ ಬೇಡ. ಮೇಲೆ ಎದೆಗೆ ಗಾಳಿ ತಡೆಯುವ ವೆಸ್ಟು. ಬೆನ್ನು ತೆರೆದೇ ಇರಲಿ, ಬೆವರು ಹೋಗೋಕೆ ದಾರಿ ಬೇಕಲ್ಲ. ಬೆರಳಿಗೆ ಗ್ಲೌಸು, ಕಿವಿಗೊಂದು ಪಟ್ಟಿ. ಹೊರಡುವಾಗ ಒಂಚೂರು ಚಳಿ ಅನ್ನಿಸಲೇಬೇಕು. ಮನೆ ಮುಂದೆಯೇ ಬೆಚ್ಚಗಿದ್ದರೆ ಐದು ಕಿ.ಮೀ. ಆಚೆ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬೇಕಾಗುತ್ತೆ. ಈ ವೇಷದಲ್ಲಿ ನನ್ನನ್ನು ಮೊದಲ ಸಲ ಕಂಡ ನಮ್ಮ ತಾತ, ‘ಯಾವ್ ಸರ್ಕಸ್ ಕಂಪ್ನಿಗೆ ಸೇರ್ಕಂಡ್ಲಾ ಮಗಾ?’ ಅಂದಿತ್ತು. ಆಮೇಲೆ ಮೆರಿನೊ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಸುಕಿ, ಮೂಗಿನ ಹತ್ತಿರ ಹಿಡಿದು, ‘ಇದು ಕುರೀದೇ ಕನ’ ಅಂತು.

ಬಯಲಲ್ಲಿ ನಿಂತು ಕಾಯುವಾಗ ಮಾತ್ರ ಕಂಬಳಿಯನ್ನು ಮೀರಿಸೋದು ಇನ್ನೂ ಸಿಕ್ಕಿಲ್ಲ. ಪಂಕ್ಚರ್ ಹಾಕುವಾಗ, ಹಿಂದುಳಿದ ಗೆಳೆಯನಿಗೆ ಕಾಯುವಾಗ, ಕ್ಯಾರಿಯರ್‌ನಲ್ಲಿ ಒಂದಿರಲಿ ಅಂತ ಹೋದ ವರ್ಷ ಜಾತ್ರೆಯಲ್ಲಿ ಹುಡುಕಿಕೊಂಡು ಹೋದೆ. ಕಂಬಳಿ ಮಾರೋ ಯಜಮಾನರು ಒಬ್ಬರೇ ಇದ್ದರು. ‘ದೇವ್ರ ಗದ್ದಿಗೆಗಾ ಸಾ?’ ಅಂತ ಕೇಳಿದರು. ಈಗ ಹೆಚ್ಚು ಹೋಗೋದು ಪೂಜೆಗೇ ಅಂತೆ. ‘ಇಲ್ಲ, ಸೈಕಲ್ಲಿಗೆ’ ಅಂದೆ. ಅವರು ಒಂದು ಕ್ಷಣ ಯೋಚನೆ ಮಾಡಿ, ‘ಸೀಟಿಗಾದ್ರೆ ತುಂಡು ಸಾಕಲ್ವಾ, ಇಡೀದು ಯಾಕೆ?’ ಅಂತ ಕತ್ತರಿ ಹುಡುಕೋಕೆ ಶುರು ಮಾಡಿದರು.