ಕರೆಂಟ್ ಬಿಲ್ಲಿನ ಆಕಾರಗಳು

ನಮ್ಮ ಜತ್ತ ಮೊದಲು ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಪಕ್ಕದ ವಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮುಂಬೈ ರಾಜ್ಯದಾಗೇ ಉಳಿದೆವು. 1960ರ ಮೇ 1ಕ್ಕೆ ಮಹಾರಾಷ್ಟ್ರವಾಯಿತು. ಅದೇ ಜೂನ್ 20ಕ್ಕೆ ಮಹಾರಾಷ್ಟ್ರದ ವಿದ್ಯುತ್ ಮಂಡಳಿ ಹುಟ್ಟಿತು. ಹಿಂಗಾಗಿ ನಮ್ಮ ಮನಿಗೆ ಬೆಳಕು ಬಂದಾಗ ಅದರ ಲೆಕ್ಕದ ಚೀಟಿ ಮರಾಠಿಯೊಳಗ ಬಂತು. ಕನ್ನಡ ಸಾಲಿ ಕಲಿತ ನಮ್ಮಂಥವರಿಗೆ ಕೆಳಗಿನ ಒಟ್ಟು ರೂಪಾಯಿ ಒಂದನ್ನೇ ನೋಡೋ ರೂಢಿ ಬಿತ್ತು. ಮ್ಯಾಲಿನ ಸಾಲು ತಿಳಿಯದವರಿಗೆ ಕೆಳಗಿನ ಅಂಕಿ ದೇವರ ಅಪ್ಪಣೆ ಇದ್ದಂಗ.

ನಾ ಸಣ್ಣವನಿದ್ದಾಗ ಬೆಳಕಿನ ಖರ್ಚು ಕಣ್ಣಿಗೆ ಕಾಣತಿತ್ತು. ರೇಷನ್ ಅಂಗಡಿಯಿಂದ ಬಾಟಲಿಯಾಗ ಚಿಮಣಿ ಎಣ್ಣಿ ತರತಿದ್ದೆವು. ರಾತ್ರಿ ಡೊಳ್ಳಿನ ಹಾಡಿಗೆ ಗ್ಯಾಸ್‌ಬತ್ತಿ ಹಚ್ಚಿದರೆ ಎಷ್ಟು ಎಣ್ಣಿ ಸುಟ್ಟಿತು ಅಂತ ಕೇಳಾಕ ಕುಂತ ಮಂದಿಗೂ ಗೊತ್ತಿರತಿತ್ತು. ತಂತಿಯೊಳಗ ಹರಿಯೋದು ಕಾಣೂದಿಲ್ಲ, ಅದಕ್ಕೇ ಯೂನಿಟ್ಟಿನ ಅಳತೆ. ಸಾವಿರ ವ್ಯಾಟಿನ ಸಾಮಾನು ಒಂದು ತಾಸು ನಡೆದರ ಒಂದು ಯೂನಿಟ್. ಹಳೇ ನೂರು ವ್ಯಾಟಿನ ಬಲ್ಬು ಹತ್ತು ತಾಸಿಗೇ ಒಂದು ಯೂನಿಟ್ ತಿಂತಿತ್ತು. ಈಗಿನ ಒಂಬತ್ತು ವ್ಯಾಟಿನದು ಅಷ್ಟರಾಗ ನೂರಾ ಹತ್ತು ತಾಸು ಬೆಳಗತದ. 2003ರ ವಿದ್ಯುತ್ ಕಾಯ್ದೆ ಎರಡು ವರ್ಷದಾಗ ಎಲ್ಲರಿಗೂ ಮೀಟರ್ ಕೂಡಬೇಕು ಅಂತು. 2005ರ ಜೂನ್‌ನಲ್ಲಿ ಹಳೇ ಮಂಡಳಿ ಒಡೆದು, ಕರೆಂಟ್ ತಯಾರಿಸೋದು, ದೂರಕ್ಕೆ ಸಾಗಿಸೋದು, ಮನಿಗೆ ಹಂಚೋದು ಬ್ಯಾರೆ ಬ್ಯಾರೆ ಕಂಪನಿಗಳಾದವು.

ಈಗ ಬಿಲ್ಲು ತಗೊಳ್ರಿ. ನಾವು ತತ್ವಪದ ಹಾಡಾವ್ರು, ನಿರಾಕಾರ ಗೊತ್ತು. ಬಿಲ್ಲಿನ್ಯಾಗ ನಾಕು ಆಕಾರ ಅದಾವ. ಮರಾಠಿಯೊಳಗ ಆಕಾರ ಅಂದರ ರೂಪ ಅಷ್ಟೇ ಅಲ್ಲ, ಹಾಕಿದ ಶುಲ್ಕಕ್ಕೂ ಅದೇ ಮಾತು. ಸ್ಥಿರ ಆಕಾರ ಮನಿ ಕೀಲಿ ಹಾಕಿದ್ದರೂ ಕೊಡೋದು. ವೀಜ ಆಕಾರ ಸುಟ್ಟ ಯೂನಿಟ್ಟಿನ ರೊಕ್ಕ. ವೀಜ ಅಂದರ ಕರೆಂಟು. ನಮ್ಮೂರಾಗ ಕೆಲವರು ಇದನ್ನ ಬೀಜದ ರೊಕ್ಕ ಅಂತ ಓದಿ, ಕೃಷಿ ಆಫೀಸಿನ ಲೆಕ್ಕ ಇಲ್ಯಾಕ ಬಂತು ಅಂತಿದ್ದರು. ವಹನ ಆಕಾರಕ್ಕೂ ಸಾಹೇಬರ ಜೀಪಿಗೂ ಸಂಬಂಧ ಇಲ್ಲ, ಅದು ತಂತಿ ಮ್ಯಾಲೆ ಕರೆಂಟು ಹೊತ್ತು ತಂದಿದ್ದರ ಬಾಡಿಗಿ. ಇಂಧನ ಸಮಾಯೋಜನ ಆಕಾರ ಕಲ್ಲಿದ್ದಲಿನ ದರದ ಜೋಡಿ ಏರಿಳಿಯೂದು. ಇವನ್ನೆಲ್ಲ ಕೂಡಿಸಿ ಅದರ ಮ್ಯಾಲೆ ಮನಿ ಬಳಕಿಗೆ 16 ಪರ್ಸೆಂಟ್ ವೀಜ ಶುಲ್ಕ. ಅದು ಸರಕಾರದ ತೆರಿಗಿ.

ಎಲ್ಲಕಿಂತ ಮೊದಲು ನೋಡಬೇಕಾದ್ದು ಚಾಲೂ ರೀಡಿಂಗ್ ಮತ್ತು ಮಾಗೀಲ ರೀಡಿಂಗ್, ಅಂದರ ಈ ಸಲದ್ದು ಮತ್ತು ಹಿಂದಿನದು. ಈ ಸಲದ್ದರಾಗ ಹಿಂದಿನದು ಕಳೆದರ ಯೂನಿಟ್ ಬರಬೇಕು. ಮೀಟರ್ ನೋಡದ ತಿಂಗಳು ಸರಾಸರಿ ಹಾಕತಾರ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಮೀಟರ್ ನೋಡೋರು ಬರಲಿಲ್ಲ. ಚಳಿಗಾಲದ ಸರಾಸರಿ ಹಿಡಿದು ಏಪ್ರಿಲ್, ಮೇ ಬಿಲ್ಲು ಬಂದವು. ಜೂನಿನ್ಯಾಗ ಖರೇ ರೀಡಿಂಗ್ ತಗೊಂಡಾಗ ಬ್ಯಾಸಗಿಯಾಗ ಫ್ಯಾನು ತಿರುಗಿದ್ದೆಲ್ಲ ಒಮ್ಮೆಲೆ ಬಿತ್ತು. ರಾಜ್ಯದ ತುಂಬ ಗದ್ದಲ ಆತು. ನಮ್ಮ ಓಣಿ ಅಕ್ಕ ಒಬ್ಬಾಕಿ ಬಿಲ್ಲು ಹಿಡಕೊಂಡು ಬಂದಳು. ಬಿತ್ತಿಗಿಗೆ ಇಟ್ಟ ರೊಕ್ಕ ಸಾಲೂದಿಲ್ಲ. “ತಮ್ಮಾ, ಆಡು ಮಾರಲೇನು?” ಅಂದಳು. ಇಬ್ಬರೂ ಕಟ್ಟಿಗೆ ಕುಂತು ಓದಿದೆವು. ಮೂರು ತಿಂಗಳಿಗೆ ಕೂಡಿ 270 ಯೂನಿಟ್. ನೂರು ಯೂನಿಟ್ಟಿನ ತನಕ ದರ ಸೋವಿ, ದಾಟಿದ್ದಕ್ಕಷ್ಟೇ ತುಟ್ಟಿ. 270 ಒಂದೇ ತಿಂಗಳದ್ದಂತ ಹಿಡಿದರ 170 ಯೂನಿಟ್ ತುಟ್ಟಿ ದರಕ್ಕೆ ಹೋಗತಾವ. ಮೂರಕ್ಕ ಹಂಚಿದರ ತಿಂಗಳಿಗೆ 90, ಎಲ್ಲಾ ಸೋವಿ ದರದಾಗ. ಬಿಲ್ಲಿನ್ಯಾಗ ಹಂಚೇ ಇದ್ದರು; ಮೊದಲಿನ ಎರಡು ಬಿಲ್ಲಿನ 120 ಯೂನಿಟ್ಟಿನ ರೊಕ್ಕಾನೂ ವಜಾ ಮಾಡಿದ್ದರು. ಮೂರು ಕಂತಿನಾಗ ತುಂಬಾಕೂ ಅವಕಾಶ ಇತ್ತು. ಆಡು ಉಳೀತು.

ಹೊಲದ ಪಂಪಿನ ಕತಿ ಬ್ಯಾರೆ, ಅಲ್ಲಿ ಬಹಳ ಮಂದಿಗೆ ಹಾರ್ಸ್‌ಪವರ್ ಮ್ಯಾಲೇ ಬಿಲ್ಲು. 2024ರ ಏಪ್ರಿಲ್‌ದಿಂದ ಏಳೂವರೆ ಹಾರ್ಸ್‌ಪವರ್ ತನಕ ಸರಕಾರವೇ ತುಂಬತದ.

ಗ್ಯಾಸಿನ ಲೆಕ್ಕ ಸಣ್ಣದು. 2016ರಾಗ ಉಜ್ವಲಾ ಶುರುವಾದ ಮ್ಯಾಲೆ ನಮ್ಮ ಕಡೆ ಒಲಿ ಊದೋದು ಕಡಿಮಿ ಆತು. ಮನಿ ಸಿಲಿಂಡರಿನಾಗ ಗ್ಯಾಸಿನ ತೂಕ 14.2 ಕಿಲೋ. ಖಾಲಿ ಟಾಕಿಯ ತೂಕ ಸಿಲಿಂಡರಿನ ಮ್ಯಾಲೇ ಬರೆದಿರತದ. ಎರಡೂ ಕೂಡಿಸಿದಷ್ಟು ತೂಕ ಬರಬೇಕು. ತಂದವನಿಗೆ ತೂಗಿ ತೋರಸಪ್ಪಾ ಅಂತ ಕೇಳೋ ಹಕ್ಕು ನಮಗದ. ರಸೀದಿಯಾಗ 5 ಪರ್ಸೆಂಟ್ ಜಿಎಸ್‌ಟಿ ಸೇರಿಯೇ ಬೆಲಿ ಇರತದ, ಮನಿಗೆ ಮುಟ್ಟಸೂ ಖರ್ಚೂ ಅದರಾಗೇ. ಗೋಡೌನಿಗೆ ಹೋಗಿ ನೀವೇ ಹೊತ್ತು ತಂದರ ಆ ಖರ್ಚು ವಜಾ ಮಾಡಬೇಕು, ಕೇಳ್ರಿ.