ಇರುಳಿಡೀ ಹಾಡು, ಹದಿನೈದು ನಿಮಿಷದ ಬಾನುಲಿ

ಮಂಟೇಸ್ವಾಮಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹಾಡಲು ನೀಲಗಾರರಿಗೆ ಒಂದು ರಾತ್ರಿ ಸಾಲದು. ಮಾದೇಶ್ವರನ ಕಥೆ ಹಾಡುವ ಕಂಸಾಳೆಯ ದೇವರಗುಡ್ಡರಿಗೂ ಅಷ್ಟೆ. ಹಾಡಿಸುವ ಮನೆಯವರು ಯಾವ ‘ಸಾಲು’ ಬೇಕೆನ್ನುತ್ತಾರೋ ಅದನ್ನು ಎತ್ತಿಕೊಂಡು, ಊಟ ಮುಗಿದ ಮೇಲೆ ಕೂತವರು ಕೋಳಿ ಕೂಗುವ ಹೊತ್ತಿಗೆ ಮಂಗಳ ಹಾಡುತ್ತಾರೆ. ಆಕಾಶವಾಣಿಯ ಜನಪದ ಸಂಗೀತ ಕಾರ್ಯಕ್ರಮದಲ್ಲಿ ಅದೇ ಹಾಡುಗಾರರಿಗೆ ಸಿಗುವುದು ಹದಿನೈದು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಾಡುಗಾರಿಕೆಯ ಇತ್ತೀಚಿನ ಚರಿತ್ರೆಯನ್ನು ಈ ಎರಡು ಅವಧಿಗಳ ನಡುವಿನ ಹೊಂದಾಣಿಕೆಯ ಚರಿತ್ರೆ ಎನ್ನಬಹುದು. ಆ ಹೊಂದಾಣಿಕೆಯಲ್ಲಿ ಹಾಡುಗಾರ ಪಡೆದದ್ದೂ ಉಂಟು, ಕಳೆದುಕೊಂಡದ್ದೂ ಉಂಟು.

ಮೈಸೂರಿನ ಮನೆಯಿಂದ

ಕನ್ನಡ ನಾಡಿನ ಬಾನುಲಿ ಹುಟ್ಟಿದ್ದು ಮಂಡ್ಯದ ಪಕ್ಕದ ಊರಿನಲ್ಲೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಬಳಸಿದ್ದು 30 ವಾಟ್ ಸಾಮರ್ಥ್ಯದ ಪುಟ್ಟ ಟ್ರಾನ್ಸ್‌ಮಿಟರ್. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಈ ಕೇಂದ್ರದಿಂದ. ಆ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿ ಎಂಬ ಮಾತು ಪ್ರಚಲಿತವಾಗಿದೆ. 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಭಾರತ ಸರ್ಕಾರದ ಆಲ್ ಇಂಡಿಯಾ ರೇಡಿಯೊದಲ್ಲಿ ಸೇರಿತು. ಮೈಸೂರಿನ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. 2023ರಲ್ಲಿ ‘ಆಲ್ ಇಂಡಿಯಾ ರೇಡಿಯೊ’ ಎಂಬ ಇಂಗ್ಲಿಷ್ ಹೆಸರನ್ನು ಪೂರ್ತಿಯಾಗಿ ಕೈಬಿಟ್ಟು ‘ಆಕಾಶವಾಣಿ’ಯನ್ನಷ್ಟೇ ಉಳಿಸಿಕೊಳ್ಳಲಾಯಿತು.

1955ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಆರಂಭವಾದಾಗ ಮೈಸೂರಿನ ಪ್ರಸಾರ ಅಲ್ಲಿಗೆ ವರ್ಗವಾಯಿತು. ಮೈಸೂರಿಗೆ ಮತ್ತೆ ತನ್ನದೇ ಕೇಂದ್ರ ಬಂದದ್ದು 1974ರಲ್ಲಿ. ನಡುವಿನ ಸುಮಾರು ಎರಡು ದಶಕ ಮಂಡ್ಯದ ಹಳ್ಳಿಗಳಿಗೆ ಬೆಂಗಳೂರೇ ದಿಕ್ಕು. 1974ರ ನಂತರ ಸ್ಥಿತಿ ಬದಲಾಯಿತು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದ ಹಾಡುಗಾರರ ಮೇಳ ಧ್ವನಿಮುದ್ರಣ ಮುಗಿಸಿಕೊಂಡು ಸಂಜೆಗೆ ಊರು ಸೇರುವಷ್ಟು ಹತ್ತಿರ.

ಮೊದಮೊದಲು ರೇಡಿಯೊ ಪಟ್ಟಣದವರ ಸಾಧನವಾಗಿತ್ತು. ಪೆಟ್ಟಿಗೆಗೆ ಬೆಲೆ ಹೆಚ್ಚು, ಮೇಲೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಬೇರೆ. ಹಳ್ಳಿಯವರು ಕೇಳುತ್ತಿದ್ದುದು ಪಂಚಾಯಿತಿ ಕಟ್ಟಡದ ರೇಡಿಯೊವನ್ನು. ಸಂಜೆ ಜಗಲಿಯ ಮೇಲೆ ಕೂತು ವಾರ್ತೆ, ಬೇಸಾಯದ ಮಾತು, ನಡುನಡುವೆ ಹಾಡು ಕೇಳುವುದು ವಾಡಿಕೆಯಾಯಿತು. ರೈತರಿಗಾಗಿಯೇ ರೇಡಿಯೊ ಕೂಟಗಳನ್ನು ನಡೆಸುವ ಪ್ರಯೋಗ 1956ರಲ್ಲಿ ಪುಣೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ನಡೆದು, ಆಮೇಲೆ ದೇಶದ ಬೇರೆ ಕಡೆಗೂ ಹಬ್ಬಿತು. ಗೊಬ್ಬರ, ಬಿತ್ತನೆಯ ಮಾತಿಗೆ ಹಳ್ಳಿಯವರು ಕಿವಿಗೊಡಬೇಕಾದರೆ ಜೊತೆಗೆ ಅವರ ಹಾಡೂ ಇರಬೇಕೆಂಬುದನ್ನು ಬಾನುಲಿಯವರು ಬೇಗ ಅರಿತುಕೊಂಡರು. ಗ್ರಾಮೀಣ ಕಾರ್ಯಕ್ರಮಗಳ ನೆರಳಿನಲ್ಲಿ ಜನಪದ ಸಂಗೀತಕ್ಕೆ ಜಾಗ ಸಿಕ್ಕಿತು.

ಹಾಡಿನಲ್ಲೇ ಇರುವ ಊರುಗಳು

ಈ ಸೀಮೆಯವರಿಗೆ ಮಂಟೇಸ್ವಾಮಿ ಕಾವ್ಯ ದೂರದ ಕಥೆಯಲ್ಲ. ಅದರಲ್ಲಿ ಬರುವ ಊರುಗಳಿಗೆ ಇಂದೂ ಬಸ್ಸು ಹೋಗುತ್ತದೆ. ಕಾವ್ಯದ ಕೆಂಪಾಚಾರಿ ನಿಡುಘಟ್ಟದವನು. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ಮದ್ದೂರಿಗೆ ಬರುವಾಗ ಸಿಗುವ ಊರು ಇದು. ಕಮ್ಮಾರರ ಮನೆಯ ಈ ಹುಡುಗನನ್ನೇ ಮಂಟೇಸ್ವಾಮಿ ಶಿಷ್ಯನಾಗಿ ಬೇಡಿ ಪಡೆಯುತ್ತಾನೆ. ಅವನೇ ಮುಂದೆ ಸಿದ್ಧಪ್ಪಾಜಿಯಾಗುತ್ತಾನೆ. ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹೋಗುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ. ಅಲ್ಲಿನ ಪಾಂಚಾಳರು ‘ಇಲ್ಲ’ ಎನ್ನುವುದು, ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುವುದು, ಕೊನೆಗೆ ಅವನು ಗೆಲ್ಲುವುದು ಕಾವ್ಯದ ಅತ್ಯಂತ ಬಿಗಿಯಾದ ಭಾಗ. ಮಂಟೇಸ್ವಾಮಿಯ ಮಠ ಇರುವ ಬೊಪ್ಪೇಗೌಡನಪುರವೂ ಮಳವಳ್ಳಿ ತಾಲ್ಲೂಕಿನದೇ.

ಈ ಕಥೆಯನ್ನು ಹಾಡುವ ನೀಲಗಾರರು ದೀಕ್ಷೆ ಪಡೆದ ಒಕ್ಕಲು. ಕೈಯಲ್ಲಿ ತಂಬೂರಿ, ಗಗ್ಗರ. ಹಿಮ್ಮೇಳಕ್ಕೆ ಡಕ್ಕಿ, ತಾಳ. ಮಾದೇಶ್ವರನ ಒಕ್ಕಲಾದ ದೇವರಗುಡ್ಡರದು ಕಂಸಾಳೆ. ಬಟ್ಟಲಿನಂಥದು ಎಡಗೈಯಲ್ಲಿ, ಗೊಂಡೆ ಕಟ್ಟಿದ ಚಪ್ಪಟೆಯ ತಾಳ ಬಲಗೈಯಲ್ಲಿ. ಇವರ ಜೊತೆಗೆ ಮದುವೆ ಮನೆಯ ಸೋಬಾನೆ, ಗದ್ದೆಯ ನಾಟಿ ಪದ, ರಾಗಿಕಲ್ಲಿನ ಬೀಸುವ ಪದ, ಏಕತಾರಿಯ ತತ್ವಪದ, ಹಬ್ಬದ ಕೋಲಾಟ, ಪೂಜಾ ಕುಣಿತ, ಪಟದ ಕುಣಿತ, ತಮಟೆ. ಒಂದೊಂದಕ್ಕೂ ಅದರದೇ ಹೊತ್ತು, ಅದರದೇ ಕಾರಣ ಇತ್ತು. ನಾಟಿ ಪದವನ್ನು ಬಗ್ಗಿ ಪೈರು ನೆಡುತ್ತ ಹಾಡಬೇಕು. ಮಂಟೇಸ್ವಾಮಿಯ ಪದಕ್ಕೆ ಹರಕೆ ಇರಬೇಕು, ಇಲ್ಲವೇ ಜಾತ್ರೆ ಇರಬೇಕು. ಸುಮ್ಮನೆ ಕೂತು ಕೇಳಲೆಂದು ಇಲ್ಲಿ ಹಾಡಿದ್ದು ಕಡಿಮೆ.

ಮೈಕಿನ ಮುಂದೆ

ರೇಡಿಯೊ ಮೊದಲು ಬದಲಿಸಿದ್ದು ಇದನ್ನೇ. ಸ್ಟುಡಿಯೊದಲ್ಲಿ ಹರಕೆ ಹೊತ್ತ ಮನೆಯವರಿಲ್ಲ, ದೀಪವಿಲ್ಲ, ನಡುವೆ ‘ಹೂಂ’ಗುಟ್ಟುವ ಜನರಿಲ್ಲ. ಗಾಜಿನ ಆಚೆ ಒಬ್ಬರು ಗಡಿಯಾರ ನೋಡುತ್ತ ಕೂತಿರುತ್ತಾರೆ. ಹಲಗೂರಿನ ಸಾಲನ್ನು ಕಾಲು ಗಂಟೆಯಲ್ಲಿ ಮುಗಿಸಬೇಕೆಂದರೆ ಹಾಡುಗಾರ ಏನನ್ನಾದರೂ ಬಿಡಲೇಬೇಕು. ಸಾಮಾನ್ಯವಾಗಿ ಬಿಟ್ಟುಹೋದದ್ದು ಹಾಡಿನ ನಡುವಿನ ಮಾತು. ನೀಲಗಾರರ ಕಲೆಯಲ್ಲಿ ಕಥೆಯನ್ನು ಮುಂದೆ ಒಯ್ಯುವುದು ಪದ ಮತ್ತು ಮಾತು ಎರಡೂ ಸೇರಿ. ಊರಿನವರನ್ನು ಛೇಡಿಸುವುದು, ಅಂದಂದಿನ ಸುದ್ದಿಯನ್ನು ಕಥೆಯೊಳಗೆ ತರುವುದು ಆ ಮಾತಿನಲ್ಲೇ. ಅದನ್ನು ತೆಗೆದರೆ ಉಳಿಯುವುದು ಇಂಪಾದ ಹಾಡು. ಕಥೆ ಮಾತ್ರ ಅರ್ಧ.

ಎರಡನೆಯ ಬದಲಾವಣೆ ಕಂಠದ್ದು. ಬಿ.ವಿ. ಕೇಸ್ಕರ್ ಅವರು ಕೇಂದ್ರದ ವಾರ್ತಾ ಸಚಿವರಾಗಿದ್ದ 1952ರಿಂದ 1962ರ ಅವಧಿಯಲ್ಲಿ ಬಾನುಲಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಬಿತ್ತು. ಶಾಸ್ತ್ರೀಯ ಸಂಗೀತಕ್ಕೂ ಸುಗಮ ಸಂಗೀತಕ್ಕೂ ಆದ್ಯತೆ ಬಂತು. ಕಲಾವಿದರನ್ನು ಧ್ವನಿ ಪರೀಕ್ಷೆ ಮಾಡಿ ದರ್ಜೆ ಕೊಡುವ ಪದ್ಧತಿ ಬಲಗೊಂಡಿತು. ಹೀಗಾಗಿ ‘ಜನಪದ ಗೀತೆ’ ಎಂಬ ಹೆಸರಿನಲ್ಲಿ ಎರಡು ಬಗೆಯ ಹಾಡುಗಳು ಪ್ರಸಾರವಾದವು. ಒಂದು, ಹಳ್ಳಿಯ ಹಾಡುಗಾರರೇ ಬಂದು ಹಾಡಿದ್ದು. ಇನ್ನೊಂದು, ಸಂಗೀತ ಕಲಿತ ಪಟ್ಟಣದ ಗಾಯಕರು ಹಾರ್ಮೋನಿಯಂ, ತಬಲಾ, ಕೊಳಲಿನೊಂದಿಗೆ ಹಾಡಿದ್ದು. ಎರಡನೆಯದು ಕಿವಿಗೆ ನುಣುಪು. ಶಾಲೆಯ ವಾರ್ಷಿಕೋತ್ಸವಗಳಿಗೂ ಕ್ಯಾಸೆಟ್‌ಗಳಿಗೂ ಮಾದರಿಯಾದದ್ದು ಬಹುಮಟ್ಟಿಗೆ ಅದೇ. ಮಂಡ್ಯದ ಹುಡುಗಿಯೊಬ್ಬಳು ತನ್ನ ಅಜ್ಜಿಗೆ ಬರುತ್ತಿದ್ದ ಪದವನ್ನು ರೇಡಿಯೊ ಧಾಟಿಯಲ್ಲಿ ಕಲಿತು ಬಹುಮಾನ ಗಳಿಸುವ ಕಾಲ ಬಂತು.

ಆದರೆ ಇಷ್ಟನ್ನೇ ಹೇಳಿದರೆ ಬಾನುಲಿಗೆ ಅನ್ಯಾಯವಾಗುತ್ತದೆ. ನೀಲಗಾರರಲ್ಲಿ ದಲಿತರು, ಹಿಂದುಳಿದ ಜಾತಿಗಳವರು ಹೆಚ್ಚು. ಊರೊಳಗೆ ಅವರ ಹಾಡಿಗೆ ಭಕ್ತಿಯಿತ್ತು. ಹಾಡುವವರಿಗೆ ಮಾತ್ರ ಹಲವು ಮನೆಗಳಲ್ಲಿ ಅಂಗಳವೇ ಗತಿ. ಆಕಾಶವಾಣಿ ಅವರ ಹೆಸರಿಗೆ ಅಂಚೆಯಲ್ಲಿ ಕರಾರು ಪತ್ರ ಕಳಿಸಿತು. ಪಿಟೀಲು ವಿದ್ವಾಂಸರು ಕೂರುತ್ತಿದ್ದ ಸ್ಟುಡಿಯೊದಲ್ಲೇ ಕೂರಿಸಿ ಹಾಡಿಸಿತು. ಸಂಭಾವನೆಯ ಚೆಕ್ಕು ಕೊಟ್ಟಿತು. ಪ್ರಸಾರಕ್ಕೆ ಮುನ್ನ ಊರಿನ ಹೆಸರು ಸೇರಿಸಿ ಹಾಡುಗಾರನ ಹೆಸರು ಹೇಳಿತು. ಕರಪತ್ರದಲ್ಲಿ ‘ಆಕಾಶವಾಣಿ ಕಲಾವಿದರು’ ಎಂದು ಅಚ್ಚು ಹಾಕಿಸಿಕೊಳ್ಳುವುದು ಕಲಾವಿದರ ಪಾಲಿಗೆ ಒಂದು ಬಿರುದು. ಹೊಟ್ಟೆಪಾಡಿನ ಲೆಕ್ಕದಲ್ಲೂ ಅದಕ್ಕೆ ಅರ್ಥವಿತ್ತು: ಆ ಬಿರುದು ಇದ್ದ ಮೇಳಕ್ಕೆ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ಕರೆ ಹೆಚ್ಚು.

ಮಾತಿನ ವಿಷಯವೂ ಹಾಗೆಯೇ. ವಾರ್ತೆಯ ಕನ್ನಡ ಪುಸ್ತಕದ ಕನ್ನಡ. ಮಂಡ್ಯದ ಆಡುಮಾತು ಕೇಳಿದರೆ ನಗುವವರಿದ್ದ ಕಾಲದಲ್ಲಿ ಅದು ತಿದ್ದುಪಡಿಯಿಲ್ಲದೆ ಬಾನುಲಿಯಲ್ಲಿ ಕೇಳಿಸಿದ್ದು ರೈತರ ಕಾರ್ಯಕ್ರಮದಲ್ಲಿ ಮತ್ತು ಈ ಹಾಡುಗಳಲ್ಲಿ.

ಬೇರೆ ಕಡೆಯ ಅನುಭವ

ಹಳ್ಳಿಯ ಹಾಡು ಬಾನುಲಿಗೆ ಬಂದದ್ದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಒಂದು ವಿಮಾ ಕಂಪೆನಿಯ ರೇಡಿಯೊ ಕೇಂದ್ರ 1925ರಲ್ಲಿ ಹಳ್ಳಿಗಾಡಿನ ಪಿಟೀಲುಗಾರರನ್ನು ಕರೆಸಿ ಶನಿವಾರ ರಾತ್ರಿಯ ಕಾರ್ಯಕ್ರಮ ಆರಂಭಿಸಿತು. ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ‘ಕಂಟ್ರಿ ಮ್ಯೂಸಿಕ್’ ದೊಡ್ಡ ಉದ್ಯಮವಾಗಿ ಬೆಳೆಯಲು ಅದು ನೆಲೆಯಾಯಿತು. ಬ್ರಿಟನ್ನಿನ ಬಿಬಿಸಿ ಬೇರೆ ದಾರಿ ಹಿಡಿಯಿತು. 1952ರಿಂದ 1957ರವರೆಗೆ ತನ್ನವರನ್ನು ಹಳ್ಳಿಹಳ್ಳಿಗೆ ಕಳಿಸಿ, ಹಾಡುವವರ ಮನೆಯಲ್ಲೇ ಹಾಡುಗಳನ್ನು ಮುದ್ರಿಸಿಕೊಂಡು ಭಂಡಾರದಲ್ಲಿ ಇಟ್ಟಿತು. ಮೊದಲನೆಯದು ಪ್ರದರ್ಶನದ ದಾರಿ, ಎರಡನೆಯದು ಸಂಗ್ರಹದ ದಾರಿ.

ನಮ್ಮಲ್ಲಿ ಸಂಗ್ರಹದ ಭಾರವನ್ನು ಹೆಚ್ಚಾಗಿ ಹೊತ್ತವರು ಬಾನುಲಿಯ ಹೊರಗಿನವರು. ಅವರಲ್ಲಿ ಇಬ್ಬರು ಮಂಡ್ಯ ಜಿಲ್ಲೆಯವರೇ, ಇಬ್ಬರೂ ನಾಗಮಂಗಲ ತಾಲ್ಲೂಕಿನವರು. ಜೀ.ಶಂ. ಪರಮಶಿವಯ್ಯ ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳ ಅಧ್ಯಯನಕ್ಕೆ ಬುನಾದಿ ಹಾಕಿದರು. ಮೂಡಲಪಾಯ ಯಕ್ಷಗಾನವನ್ನು ವಿದ್ವಾಂಸರ ಗಮನಕ್ಕೆ ತಂದರು. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಸೋಬಾನೆ ಚಿಕ್ಕಮ್ಮನ ಪದಗಳನ್ನು ಪುಸ್ತಕವಾಗಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ರಾಮನಗರದ ಬಳಿ ಅವರು ನಿರ್ಮಿಸಿದ ‘ಜಾನಪದ ಲೋಕ’ 1994ರಲ್ಲಿ ತೆರೆಯಿತು. ವಸ್ತು ಸಂಗ್ರಹದ ಜೊತೆಗೆ ಹಾಡು, ಕುಣಿತಗಳ ಧ್ವನಿ ಮತ್ತು ದೃಶ್ಯ ದಾಖಲೆಯೂ ಅಲ್ಲಿ ಆಗಿದೆ. ಮೈಸೂರು ವಿಶ್ವವಿದ್ಯಾಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭಿಸಿತು.

ಬಾನುಲಿಯ ಕೆಲಸದ ರೀತಿ ಬೇರೆ. ಅದಕ್ಕೆ ನಾಳಿನ ಪ್ರಸಾರವೇ ಮುಖ್ಯ. ಸುರುಳಿ ಟೇಪು ದುಬಾರಿಯಾಗಿದ್ದ ದಿನಗಳಲ್ಲಿ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಮುದ್ರಿಸುವುದು ಪ್ರಪಂಚದ ಬಹುತೇಕ ಬಾನುಲಿ ಕೇಂದ್ರಗಳಲ್ಲಿ ಇದ್ದ ಪದ್ಧತಿ. ಉಳಿದುಬಂದ ಟೇಪುಗಳಿಗೂ ವಯಸ್ಸಾಗಿದೆ. ಅವುಗಳಲ್ಲಿ ಇರುವ ಕಂಠಗಳ ಒಡೆಯರಲ್ಲಿ ಅನೇಕರು ಈಗ ಇಲ್ಲ.

ಜಾತ್ರೆ ಉಳಿಸಿದ್ದು

ಸಂದರ್ಭ ಅಳಿದ ಕಡೆ ಹಾಡು ಬಲು ಬೇಗ ಬಡವಾಯಿತು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಪದಕ್ಕೆ ಕಲ್ಲಿಲ್ಲ. ನಾಟಿ ಯಂತ್ರ ಬಂದ ಗದ್ದೆಯಲ್ಲಿ ನಾಟಿ ಪದಕ್ಕೆ ಆಳಿಲ್ಲ. ಇಂಥ ಪದಗಳು ವೇದಿಕೆ, ರೇಡಿಯೊಗಳಲ್ಲಿ ಕೇಳಿಸಿದರೂ ಕೆಲಸದಿಂದ ಬೇರ್ಪಟ್ಟು ಕೇಳಿಸುತ್ತವೆ.

ಹರಕೆ ಮತ್ತು ಜಾತ್ರೆಯನ್ನು ನಂಬಿದ ಹಾಡಿನ ಸ್ಥಿತಿ ಹಾಗಿಲ್ಲ. ಪುಷ್ಯ ಮಾಸದ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಉರಿಯುವುದರೊಂದಿಗೆ ಸಿದ್ಧಪ್ಪಾಜಿಯ ಜಾತ್ರೆ ಆರಂಭವಾಗುತ್ತದೆ. ಬೊಪ್ಪೇಗೌಡನಪುರದ ಮಠದವರೇ ಅದಕ್ಕೆ ಮುಂದಾಳುಗಳು. ಮಂಡ್ಯ, ಮದ್ದೂರು, ಮಳವಳ್ಳಿಯ ಒಕ್ಕಲುಗಳು ಐದು ದಿನದ ಈ ಜಾತ್ರೆಗೆ ಹೋಗುತ್ತಾರೆ. ಬಿಡಾರ ಹೂಡಿದ ಕಡೆ ತಂಬೂರಿಯ ನಾದ ಕೇಳುತ್ತದೆ. ಅಲ್ಲಿ ಗಡಿಯಾರ ನೋಡುವವರಿಲ್ಲ. ಕಿರಿಯ ಹಾಡುಗಾರ ಹಿಮ್ಮೇಳದಲ್ಲಿ ಕೂತು ಇಡೀ ಸಾಲನ್ನು ಕಲಿಯುವುದು ಇಂಥ ರಾತ್ರಿಗಳಲ್ಲೇ. ಹದಿನೈದು ನಿಮಿಷದ ಹಾಡನ್ನು ಎಷ್ಟು ಸಲ ಕೇಳಿದರೂ ಈ ಕಲಿಕೆ ಸಿಗದು.

1996ರ ‘ಜನುಮದ ಜೋಡಿ’ ಚಿತ್ರದ ಮೂಲಕ ಮಾದೇಶ್ವರನ ಪದ ಕರ್ನಾಟಕದ ಮೂಲೆಮೂಲೆ ತಲುಪಿತು. ಅದಕ್ಕೂ ಮೊದಲೇ ಕಂಸಾಳೆಯ ಕ್ಯಾಸೆಟ್‌ಗಳು ಟೀ ಅಂಗಡಿ, ಟೆಂಪೊಗಳಲ್ಲಿ ಮೊಳಗುತ್ತಿದ್ದವು. ಈಗ ಮೊಬೈಲ್ ಫೋನಿನಲ್ಲಿ ಹಾಡು ಸಿಗುತ್ತದೆ. ಆಕಾಶವಾಣಿಗೆ ಹಿಂದೆ ಇದ್ದ ಏಕಸ್ವಾಮ್ಯ ಇಲ್ಲ. ಆದರೆ ಸಿನಿಮಾ, ಕ್ಯಾಸೆಟ್ಟುಗಳು ಮಾರಾಟವಾಗುವ ತುಣುಕನ್ನು ಮಾತ್ರ ಎತ್ತಿಕೊಳ್ಳುತ್ತವೆ. ಮಾರಾಟದ ಹಂಗಿಲ್ಲದೆ ಇಡೀ ಸಾಲನ್ನು ಕೇಳಿಸುವ ಶಕ್ತಿ ಇರುವುದು ಸಾರ್ವಜನಿಕ ಬಾನುಲಿಗೆ.

ಆದ್ದರಿಂದ ಈಗ ಕೇಳಬೇಕಾದದ್ದು ಇನ್ನೊಂದು ಹದಿನೈದು ನಿಮಿಷವನ್ನಲ್ಲ. ಸಿದ್ಧಪ್ಪಾಜಿಯ ಜಾತ್ರೆಯ ಒಂದು ರಾತ್ರಿಯನ್ನು ಮಾತು, ಹಾಡು, ನಗು ಯಾವುದನ್ನೂ ಕತ್ತರಿಸದೆ ಮುದ್ರಿಸಿ, ಕಂತುಕಂತಾಗಿಯಾದರೂ ಪೂರ್ತಿ ಪ್ರಸಾರ ಮಾಡುವುದು ಅಸಾಧ್ಯದ ಕೆಲಸವಲ್ಲ. ಉಳಿದಿರುವ ಹಳೆಯ ಟೇಪುಗಳನ್ನು ಗಣಕಕ್ಕೆ ಏರಿಸಿ, ಹಾಡಿದವರ ಊರಿಗೆ ಒಂದು ಪ್ರತಿ ಕೊಡುವುದೂ ಕಷ್ಟವಲ್ಲ. 2006ರ ನೀತಿಯ ನಂತರ ಸ್ವಯಂಸೇವಾ ಸಂಸ್ಥೆಗಳೂ ಸಮುದಾಯ ಬಾನುಲಿ ನಡೆಸಬಹುದಾಗಿದೆ. ಮೈಸೂರು ಜಿಲ್ಲೆಯ ಸರಗೂರಿನ ‘ಜನಧ್ವನಿ’ ಅಂಥ ಒಂದು ಕೇಂದ್ರ. ಇಂಥ ಕೇಂದ್ರಗಳಿಗೆ ರಾತ್ರಿಯ ಹೊತ್ತು ಬೇಕಾದಷ್ಟಿದೆ.

ಇದಕ್ಕೆ ಕಾಲ ಮಾತ್ರ ಕಡಿಮೆ. ಇಡೀ ಸಾಲು ಬಲ್ಲ ಹಿರಿಯ ನೀಲಗಾರರು, ದೇವರಗುಡ್ಡರು ಈಗಲೂ ಈ ಮೂರು ತಾಲ್ಲೂಕುಗಳಲ್ಲಿ ಇದ್ದಾರೆ. ಯಾರಾದರೂ ಹರಕೆ ಹೊತ್ತು ಕರೆದರೆ ಬೆಳಗಿನವರೆಗೆ ಹಾಡುತ್ತಾರೆ.